ಮನೆ ಪಟ್ಟಿ ಹಿಡಿದು ಹೊರಟ ತಂಗಿಗೆ

ತಂಗೀ, ವಾರ್ಡಿನಲ್ಲಿ ಮನೆ ಇಲ್ಲದವರ ಪಟ್ಟಿ ಮಾಡುವ ಕೆಲಸ ನಿನ್ನ ಹೆಗಲಿಗೆ ಬಂತಂತೆ. ಫೋನಿಗೆ ಆ್ಯಪ್ ಹಾಕಿಕೊಟ್ಟಿದ್ದಾರೆ, ಗೋಡೆಯ ಫೋಟೊ ಹೇಗೆ ತೆಗೆಯಬೇಕೆಂದು ಕಲಿಸಿದ್ದಾರೆ. ಒಳ್ಳೆಯದೇ. ಆದರೆ ಅಷ್ಟಕ್ಕೇ ಕೆಲಸ ಮುಗಿಯುವುದಿಲ್ಲ. ಪಂಚಾಯತಿ ಕಾರ್ಯದರ್ಶಿಯಾಗಿ ಭಟ್ಕಳ, ಹೊನ್ನಾವರ, ಕುಮಟಾ ಮೂರೂ ತಾಲೂಕು ತಿರುಗಿದವನು ನಾನು. ಇಂದಿರಾ ಆವಾಸ್ ನೋಡಿದೆ, ಆಶ್ರಯ ನೋಡಿದೆ, ಅಂಬೇಡ್ಕರ್ ನಿವಾಸ, ಬಸವ ವಸತಿ ಎಲ್ಲ ನೋಡಿದೆ. ಈಗ ಪ್ರಧಾನಮಂತ್ರಿ ಆವಾಸ್. ಯೋಜನೆಯ ಹೆಸರು ಬದಲಾದಂತೆಲ್ಲ ಬೋರ್ಡು ಬದಲಾಯಿತು, ಗ್ರಾಮಸಭೆಯ ಗಲಾಟೆ ಮಾತ್ರ ಅದೇ: ಅವನ ಹೆಸರು ಬಂತು, ನನ್ನದು ಯಾಕೆ ಬರಲಿಲ್ಲ?

ಹಾಗಾಗಿ ನನ್ನ ಮಾತು ಇಷ್ಟೇ. ಎರಡು ಪಟ್ಟಿ ಇಡು. ಒಂದು ಸರ್ಕಾರ ಕೇಳುವ ಪಟ್ಟಿ, ಅದರಲ್ಲಿ ಯಾರು ಅರ್ಹರು ಎಂಬುದಿರುತ್ತದೆ. ಇನ್ನೊಂದು ನಿನ್ನ ಕೈಬರಹದ ಪುಸ್ತಕ, ಅದರಲ್ಲಿ ಯಾರಿಗೆ ಮನೆ ಬೇಕು ಎಂಬುದಿರಲಿ. ಇವೆರಡೂ ಒಂದೇ ಅಂದುಕೊಂಡವರು ಊರಿಗೆ ಎಷ್ಟು ಮನೆ ಬೇಕೆಂದು ಯಾವತ್ತೂ ಸರಿಯಾಗಿ ಹೇಳಿದ್ದಿಲ್ಲ.

ಮೊದಲು ಮಾಡಿನ ವಿಷಯ. ಬಾಸೆಲ್ ಮಿಶನ್ನಿನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ, ನಿಧಾನಕ್ಕೆ ಮಡಲು, ಹುಲ್ಲು ಹೋಗಿ ಕರಾವಳಿಯುದ್ದಕ್ಕೂ ಕೆಂಪು ಹಂಚು ಬಂತು. ನಮ್ಮ ಬಡವನೂ ಹಂಚಿನ ಕೆಳಗೇ ಮಲಗುತ್ತಾನೆ. 2011ರ ಸಾಮಾಜಿಕ, ಆರ್ಥಿಕ ಮತ್ತು ಜಾತಿ ಗಣತಿಯಲ್ಲಿ ಕೈಹಂಚು ಕಚ್ಚಾ, ಕಾರ್ಖಾನೆಯ ಹಂಚು ಪಕ್ಕಾ ಎಂದು ಬರೆದುಕೊಂಡರು. ಆವಾಸ್ ಯೋಜನೆಗೆ ಬೇಕಾದದ್ದು ಗೋಡೆಯೂ ಮಾಡೂ ಎರಡೂ ಕಚ್ಚಾ ಇದ್ದು, ಎರಡು ಕೋಣೆ ಮೀರದ ಮನೆ. ಬಯಲುಸೀಮೆಯ ಗುಡಿಸಲಿಗೆ ಈ ಲೆಕ್ಕ ಸರಿಯಾದೀತು. ಇಲ್ಲಿ ಮಣ್ಣಿನ ಗೋಡೆ, ಗೆದ್ದಲು ಹಿಡಿದ ಪಕಾಸು, ಮುರಿದ ರೀಪು, ಅದರ ಮೇಲೆ ಅಜ್ಜನ ಕಾಲದ ಮಂಗಳೂರು ಹಂಚು ಇದ್ದರೂ ಕಾಗದದಲ್ಲಿ ಅದು ಪಕ್ಕಾ ಮಾಡು. ಅದಕ್ಕೇ ಹೇಳುವುದು, ಅಂಗಳದಿಂದ ಫೋಟೊ ಹೊಡೆದು ಬರಬೇಡ. ಜಗಲಿ ಹತ್ತು, ತಲೆ ಎತ್ತಿ ನೋಡು. ಹಂಚಿನ ಕೆಳಗೆ ತಾಡಪಾಲು ಕಟ್ಟಿದ್ದಾರಾ? ಅಟ್ಟದ ಮೇಲೆ ಬಕೆಟ್ಟು, ಪಾತ್ರೆ ಇಟ್ಟಿದ್ದಾರಾ? ಆಮೇಲೆ ಬಗ್ಗಿ ಗೋಡೆಯ ಬುಡ ನೋಡು. ಮಣ್ಣಿನ ಗೋಡೆ ಬೀಳುವುದು ಬುಡದಿಂದ. ಒಂದು ಮೊಳ ಎತ್ತರದವರೆಗೆ ಕರಗಿದ್ದರೆ ಆ ಮನೆಯ ಮಳೆಗಾಲಗಳು ಮುಗಿಯುತ್ತ ಬಂದವೆಂದೇ ಲೆಕ್ಕ.

ಮೀನುಗಾರರ ಕೇರಿಗೆ ಹೋದಾಗ ಇನ್ನೊಂದು ನೆನಪಿಟ್ಟುಕೋ. ಹಿಂದಿನ ನಿಯಮದಲ್ಲಿ ಬೈಕು, ಫ್ರಿಜ್ಜು, ಲ್ಯಾಂಡ್‌ಲೈನ್ ಫೋನು, ಯಂತ್ರ ಕೂರಿಸಿದ ಮೀನುಗಾರಿಕೆ ದೋಣಿ ಇವುಗಳಲ್ಲಿ ಯಾವುದಿದ್ದರೂ ಹೆಸರು ತಾನಾಗಿಯೇ ಬಿಟ್ಟುಹೋಗುತ್ತಿತ್ತು. ತೆಂಗಿನಗುಂಡಿ, ಕಾಸರಕೋಡ, ತದಡಿಯಲ್ಲಿ ಸಾಲದ ದೋಣಿಗೆ ಸಾಲದ ಇಂಜಿನ್ನು ಹಾಕಿಕೊಂಡವನನ್ನು ಶ್ರೀಮಂತ ಅನ್ನಲು ಬರುತ್ತದೆಯೇ? ದೋಣಿ ಅವನ ನೇಗಿಲು. 2024ರಲ್ಲಿ ಈ ಷರತ್ತುಗಳನ್ನು ಕೈಬಿಟ್ಟು, ತಿಂಗಳ ಆದಾಯದ ಮಿತಿಯನ್ನು 10,000 ರೂಪಾಯಿಯಿಂದ 15,000ಕ್ಕೆ ಏರಿಸಿದರು. ಆದರೆ ಒಮ್ಮೆ ಇಲ್ಲ ಅನ್ನಿಸಿಕೊಂಡವರು ಮತ್ತೆ ಪಂಚಾಯತಿ ಮೆಟ್ಟಿಲು ಹತ್ತುವುದಿಲ್ಲ. ಅವರ ಬಾಗಿಲಿಗೆ ನೀನೇ ಹೋಗಬೇಕು. ಅಂಗಳದಲ್ಲಿ ಬೈಕು ಕಂಡ ಕೂಡಲೇ ಮುಂದಿನ ಮನೆಗೆ ನಡೆಯುವ ಅಭ್ಯಾಸ ಬಿಡು.

ಮನೆಯ ಒಳಗೆ ಹೋದ ಮೇಲೆ ಒಲೆ ಎಣಿಸು. ಜನಗಣತಿಯವರು ಕುಟುಂಬ ಎಂದು ಲೆಕ್ಕ ಹಿಡಿಯುವುದೇ ಒಂದು ಅಡುಗೆಮನೆಯ ಮೇಲೆ. 2011ರಲ್ಲಿ ಅವರು ಮನೆಯಲ್ಲಿ ಎಷ್ಟು ಕೋಣೆ, ಎಷ್ಟು ಮದುವೆಯಾದ ಜೋಡಿ ಎಂದೂ ಕೇಳಿದ್ದರು. ಬಹಳ ಬುದ್ಧಿವಂತ ಪ್ರಶ್ನೆ ಅದು, ಆದರೆ ನಮ್ಮ ಮನೆ ಪಟ್ಟಿಗೆ ಅದನ್ನು ಬಳಸಿದ್ದು ನಾನಂತೂ ಕಾಣಲಿಲ್ಲ. ಹಿರಿಮಗ ಕೋಣೆಯಲ್ಲಿ, ಎರಡನೆಯವನು ಜಗಲಿಗೆ ತಟ್ಟಿ ಕಟ್ಟಿಕೊಂಡು, ಮೂರನೆಯವನು ಕೊಟ್ಟಿಗೆಯ ಪಕ್ಕ ಶೀಟು ಇಳಿಸಿಕೊಂಡು ಇರುವ ಮನೆಯಲ್ಲಿ ಬೇಕಾದದ್ದು ಇನ್ನೂ ಎರಡು ಮನೆ. ರೇಷನ್ ಕಾರ್ಡಿನಲ್ಲಿ ಒಂದೇ ಕುಟುಂಬ. ತಿರುಗಾಮುರುಗಾ ಆಗುವುದೂ ಉಂಟು: ಪಟ್ಟಿ ಬರುತ್ತದೆಂದು ಗೊತ್ತಾದ ವಾರವೇ ಕಾರ್ಡು ಬೇರೆ ಮಾಡಿಸಿ, ಹಿತ್ತಲಲ್ಲಿ ಮೂರು ಕಲ್ಲು ಹೂಡಿ ತೋರಿಸುತ್ತಾರೆ. ಒಲೆಯ ಮೇಲಿನ ಗೋಡೆಗೆ ಮಸಿ ಹಿಡಿದಿದೆಯೋ ಇಲ್ಲವೋ ನೋಡಿದರೆ ಸಾಕು, ಹೆಚ್ಚು ಕೇಳಬೇಕಾಗಿಲ್ಲ.

ಮನೆಯ ಹೆಂಗಸರ ಹತ್ತಿರ ಮಾತಾಡು, ಗಂಡಸರು ಕೆಲಸಕ್ಕೆ ಹೋದ ಹೊತ್ತಿಗೆ. ಗಂಡನಿಲ್ಲದೆ ತವರಿಗೆ ಮರಳಿ ಅಣ್ಣನ ಮನೆಯ ಮೂಲೆಯಲ್ಲಿರುವವಳನ್ನು ಯಾರೂ ಬೇರೆ ಕುಟುಂಬ ಎನ್ನುವುದಿಲ್ಲ. ಅವಳೂ ಅಣ್ಣನೆದುರಿಗೆ ಬಾಯಿ ಬಿಡುವುದಿಲ್ಲ. ವಿಧವೆಯರಿಗೆ, ಅಂಗವಿಕಲರಿಗೆ ದೇವರಾಜ ಅರಸು ವಸತಿ ಯೋಜನೆ ಬೇರೆಯೇ ಇದೆ. ಆದರೆ ಹೆಸರೇ ಬರೆಯದಿದ್ದರೆ ಯೋಜನೆಗೆ ಅವಳು ಕಾಣುವುದು ಹೇಗೆ?

ಕಾಲದ ಬಗ್ಗೆ ಒಂದು ಮಾತು. ಕಚೇರಿಯವರು ಸಮೀಕ್ಷೆ ಇಡುವುದು ಬೇಸಗೆಯಲ್ಲಿ, ಓಡಾಟಕ್ಕೆ ಅನುಕೂಲವೆಂದು. ವರ್ಷಕ್ಕೆ 3,000 ಮಿಲಿಮೀಟರ್ ದಾಟಿ ಮಳೆ ಬೀಳುವ ಊರಿನಲ್ಲಿ ಮಾರ್ಚ್ ತಿಂಗಳಲ್ಲಿ ಮನೆ ನೋಡಿದರೆ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ. ನಿನಗೆ ಬೇಸಗೆಯಲ್ಲೇ ಮುಗಿಸಬೇಕಾಗಿ ಬಂದರೆ ತಹಶೀಲ್ದಾರ ಕಚೇರಿಗೆ ಹೋಗಿ ಕಾಳಜಿ ಕೇಂದ್ರಗಳ ಯಾದಿ ಕೇಳು. ಗುಂಡಬಾಳ ಹೊಳೆ ಉಕ್ಕಿದಾಗ, ಲಿಂಗನಮಕ್ಕಿ ತುಂಬಿ ಶರಾವತಿಗೆ ನೀರು ಬಿಟ್ಟಾಗ, ಅಘನಾಶಿನಿಯ ದಂಡೆಗೆ ನೆರೆ ಏರಿದಾಗ ಶಾಲೆಯ ಜಗಲಿಗೆ ಬಂದು ಮಲಗಿದವರು ಯಾರು ಎಂಬುದು ಅದರಲ್ಲಿರುತ್ತದೆ. ಮೂರು ನಾಲ್ಕು ಮಳೆಗಾಲದ ಯಾದಿ ಪಕ್ಕಪಕ್ಕ ಇಟ್ಟು ನೋಡು. ಪ್ರತಿ ವರ್ಷ ಮರಳಿ ಬರುವ ಹೆಸರುಗಳು ಸಿಗುತ್ತವೆ. ಅವರ ಮನೆ ತಾರಸಿಯದ್ದಾದರೂ ನಿನ್ನ ಪುಸ್ತಕಕ್ಕೆ ಬರೆದುಕೋ.

ಗುಡ್ಡದ ಬುಡದವರನ್ನೂ ಹಾಗೆಯೇ. 2022ರ ಆಗಸ್ಟ್ ಆರಂಭದಲ್ಲಿ ಭಟ್ಕಳದಲ್ಲಿ ರಾತ್ರಿಯಿಡೀ ಸುರಿದ ಮಳೆಗೆ ಮುಟ್ಟಳ್ಳಿಯಲ್ಲಿ ಗುಡ್ಡ ಜರಿದು ಮನೆಯೊಳಗಿದ್ದ ನಾಲ್ಕು ಜನ, ಒಂದೇ ಕುಟುಂಬದವರು, ಮಣ್ಣಿನಡಿ ಹೋದರು. ಮನೆ ಇದ್ದೂ ಇಲ್ಲದವರು ಅಂದರೆ ಇಂಥವರೇ. ಗುಡ್ಡ ಕಡಿದು ಸಮ ಮಾಡಿ ಅಡಿಪಾಯ ಹಾಕಿದವರು ನಮ್ಮಲ್ಲಿ ಸಾವಿರಾರು ಮಂದಿ. ಅವರೇನು ಗುಡ್ಡದ ಮೇಲಿನ ಪ್ರೀತಿಯಿಂದ ಅಲ್ಲಿಗೆ ಹೋದದ್ದಲ್ಲ, ಕೆಳಗೆ ಜಾಗ ಸಿಗದೆ ಹೋದದ್ದು.

ಜಾಗ! ಇಲ್ಲಿಗೇ ಬರಬೇಕಿತ್ತು ನೋಡು. ಲೆಕ್ಕ ಹಾಕು: ಆವಾಸ್ ಮನೆಯ ಕನಿಷ್ಠ ಅಳತೆ 25 ಚದರ ಮೀಟರ್, ಅಂದರೆ ಸುಮಾರು 270 ಚದರಡಿ. ಒಂದು ಗುಂಟೆ 1,089 ಚದರಡಿ. ಒಂದು ಮನೆಗೆ ಬೇಕಾದದ್ದು ಗುಂಟೆಯ ಕಾಲು ಭಾಗ. ಆ ಕಾಲು ಗುಂಟೆಯ ಕಾಗದ ಇಲ್ಲದೆ ಎಷ್ಟೋ ಮಂಜೂರಾತಿ ವಾಪಸು ಹೋಗುತ್ತವೆ. ಪಟ್ಟಿಯಲ್ಲಿ ಹೆಸರು ಬಂದು, ಹಣ ಬಂದು, ಮನೆ ಮಾತ್ರ ಬರದ ಊರುಗಳನ್ನು ನೀನೂ ಬಲ್ಲೆ. ಆದ್ದರಿಂದ ಪ್ರತಿ ಹೆಸರಿನ ಮುಂದೆ, ಈಗ ಇರುವ ನೆಲ ಯಾರದು ಎಂದು ಒಂದು ಸಾಲು ಬರೆ. ಉತ್ತರ ಕನ್ನಡದಲ್ಲಿ ಈ ಸಾಲಿನಲ್ಲೇ ಮುಕ್ಕಾಲು ಕಥೆ ಇರುತ್ತದೆ.

ಕೆಲವರದು ಪಾಲಾಗದ ಜಮೀನು. 1974ರ ಭೂಸುಧಾರಣೆ ತಿದ್ದುಪಡಿಯಲ್ಲಿ ಗೇಣಿದಾರರಾಗಿದ್ದವರಿಗೆ ಗದ್ದೆ ಸಿಕ್ಕಿತು, ಸಂತೋಷ. ಅಜ್ಜನಿಗೆ ಸಿಕ್ಕ ಇಪ್ಪತ್ತು ಗುಂಟೆಗೆ ಈಗ ಪಹಣಿಯಲ್ಲಿ ಹನ್ನೆರಡು ಹೆಸರು. ಒಬ್ಬ ಮುಂಬೈಯಲ್ಲಿ, ಒಬ್ಬಳು ಗೋವೆಯಲ್ಲಿ, ಇಬ್ಬರು ಒಬ್ಬರ ಮುಖ ಒಬ್ಬರು ನೋಡುವುದಿಲ್ಲ. ಎಲ್ಲರ ಒಪ್ಪಿಗೆ ಪತ್ರ ತರುವಷ್ಟರಲ್ಲಿ ಯೋಜನೆಯ ಅವಧಿ ಮುಗಿದಿರುತ್ತದೆ. ಇಂಥ ಮನೆಯಲ್ಲಿ ಕುಳಿತು, ಹಿಸೆ ಮಾಡಿಕೊಳ್ಳಲು ಯಾರು ತಯಾರು, ಯಾರು ಅಡ್ಡ ಎಂದು ಕೇಳಿ ತಿಳಿದುಕೋ. ಬರೆದುಕೊಳ್ಳಬೇಡ, ತಿಳಿದುಕೊಂಡರೆ ಸಾಕು.

ಸರ್ಕಾರಿ ಜಾಗದಲ್ಲಿ ಕಟ್ಟಿಕೊಂಡವರಿಗೆ ಭೂಕಂದಾಯ ಕಾಯ್ದೆಯ 94ಸಿ ಅಡಿ ಹಕ್ಕುಪತ್ರಕ್ಕೆ ದಾರಿ ಮಾಡಿದ್ದಾರೆ. ಅರ್ಜಿ ಹಾಕಿದ್ದಾರಾ, ಹಾಕಿದ್ದರೆ ಏನಾಯಿತು, ಕೇಳು. ಕಾಡಿನ ಅಂಚಿನವರದು ಇದಕ್ಕಿಂತ ಕಷ್ಟ. ಜಿಲ್ಲೆಯ ಮುಕ್ಕಾಲು ಪಾಲಿಗಿಂತ ಹೆಚ್ಚು ನೆಲ ಅರಣ್ಯದ ಲೆಕ್ಕದಲ್ಲಿದೆ. 2006ರ ಅರಣ್ಯ ಹಕ್ಕು ಕಾಯ್ದೆ ಪ್ರಕಾರ ಪರಿಶಿಷ್ಟ ಪಂಗಡದವರು 2005ರ ಡಿಸೆಂಬರ್ 13ಕ್ಕೆ ಮೊದಲು ಅಲ್ಲಿದ್ದರೆ ಆಯಿತು. ಉಳಿದವರು ಅದಕ್ಕೂ ಹಿಂದೆ ಮೂರು ತಲೆಮಾರು, ಎಪ್ಪತ್ತೈದು ವರ್ಷ ಅಲ್ಲೇ ಇದ್ದೆವೆಂದು ತೋರಿಸಬೇಕು. ಹಾಲಕ್ಕಿ ಒಕ್ಕಲಿಗರನ್ನು ನೋಡಿದವರೆಲ್ಲ ಬುಡಕಟ್ಟು ಅನ್ನುತ್ತಾರೆ, ಆದರೆ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರದ್ದರಿಂದ ಅವರೂ ಈ ಉಳಿದವರಲ್ಲೇ. ಎಪ್ಪತ್ತೈದು ವರ್ಷ ಹಿಂದಕ್ಕೆ ಎಣಿಸಿದರೆ 1930. ಆಗ ನಮ್ಮ ಜಿಲ್ಲೆ ಮುಂಬೈ ಪ್ರಾಂತದಲ್ಲಿತ್ತು. ಸೊಪ್ಪು ಹೊತ್ತು ಬದುಕಿದವನ ಮನೆಯಲ್ಲಿ 1930ರ ಕಾಗದ ಎಲ್ಲಿಂದ ಬರಬೇಕು? ನೀನು ಇದನ್ನು ಬಗೆಹರಿಸಲಾರೆ. ಆದರೆ ನಿನ್ನ ವಾರ್ಡಿನಲ್ಲಿ ಎಷ್ಟು ಮನೆಗಳು ಈ ಒಂದೇ ಕಾರಣಕ್ಕೆ ನಿಂತಿವೆ ಎಂಬ ಸಂಖ್ಯೆ ನಿನ್ನ ಕೈಯಲ್ಲಿದ್ದರೆ, ಶಾಸಕರೆದುರು ಮಾತಾಡುವಾಗ ಧ್ವನಿಯೇ ಬೇರೆಯಾಗುತ್ತದೆ.

ಕಡಲದಂಡೆಯವರಿಗೆ ಅಡ್ಡಿ ಸಿಆರ್‌ಝಡ್, ಅಂದರೆ ಕರಾವಳಿ ನಿಯಂತ್ರಣ ವಲಯದ ನಿಯಮ. 2011ರ ಅಧಿಸೂಚನೆಯಲ್ಲಿ ಹಳ್ಳಿಗಾಡಿನ ದಂಡೆಗೆ ಉಬ್ಬರದ ಗೆರೆಯಿಂದ 200 ಮೀಟರ್‌ವರೆಗೆ ಹೊಸ ಕಟ್ಟಡ ಬೇಡವೆಂದಿತ್ತು. ಸಾಂಪ್ರದಾಯಿಕ ಮೀನುಗಾರರಿಗೆ ಮಾತ್ರ 100ರಿಂದ 200 ಮೀಟರಿನ ನಡುವೆ ಮನೆಗೆ ಅವಕಾಶವಿತ್ತು. 2019ರಲ್ಲಿ ನಿಯಮ ಮತ್ತೆ ಬದಲಾಯಿತು. ಕಾಸರಕೋಡದ ಟೊಂಕದಲ್ಲಿ ಖಾಸಗಿ ಬಂದರಿನ ವಿರುದ್ಧ ಮೀನುಗಾರರು ಯಾಕೆ ಅಷ್ಟು ಗಟ್ಟಿಯಾಗಿ ನಿಂತರೆಂದು ಕೇಳುವವರಿಗೆ, ಅವರ ಮನೆಯ ನೆಲದ ಕಾಗದ ಯಾವುದು ಎಂದು ಒಮ್ಮೆ ವಿಚಾರಿಸಲು ಹೇಳು. ತೀರದಲ್ಲಿ ಹುಟ್ಟಿ ಬೆಳೆದವನಿಗೆ ಎರಡು ಮೈಲು ಒಳಗೆ ನಿವೇಶನ ಕೊಟ್ಟರೆ ದೋಣಿ ಕಾಯುವವರು ಯಾರು, ಬಲೆ ಒಣಗಿಸುವುದು ಎಲ್ಲಿ? ಮನೆ ಬೇಕಾ ಎಂದು ಕೇಳುವಾಗ ಎಲ್ಲಿ ಬೇಕು ಎಂದೂ ಕೇಳು.

ಹಣದ ಮಾತು ಬೇಗ ಮುಗಿಸುತ್ತೇನೆ. ಆವಾಸ್ ಯೋಜನೆ ಕೊಡುವ 1.20 ಲಕ್ಷ ರೂಪಾಯಿಗೆ ಮನೆ ಏಳುವುದಿಲ್ಲ, ಇದು ಕೊಡುವವರಿಗೂ ಗೊತ್ತು. ಚಿರೇಕಲ್ಲು, ಮರಳು, ಸಾಗಾಟ. ಹೊಳೆ ನಡುವಿನ ಕುರ್ವೆಯಾದರೆ ದೋಣಿಯ ಬಾಡಿಗೆ ಬೇರೆ. ಕಂತು ಬರುವುದು ಪಂಚಾಂಗ, ಗೋಡೆ, ಮಾಡು ಎಂದು ಹಂತಹಂತಕ್ಕೆ, ಫೋಟೊ ನೋಡಿ. ಮೊದಲ ಹಂತಕ್ಕೆ ಕೈಯಿಂದ ಹಾಕಲು ಇಲ್ಲದವನು ಶುರುವನ್ನೇ ಮಾಡಲಾರ. ಪಂಚಾಂಗ ಹಾಕಿ ಗಿಡ ಬೆಳೆದು ನಿಂತ ಜಾಗಗಳನ್ನು ಬಿಡದೆ ಎಣಿಸು, ಅವರೂ ಮನೆಯಿಲ್ಲದವರೇ, ಸಾಲದವರೂ ಹೌದು. ಮನೆಯೊಡತಿಯನ್ನು ಸಂಘಕ್ಕೆ ವಾರಕ್ಕೆ ಎಷ್ಟು ಕಂತು ಕಟ್ಟುತ್ತೀರಿ ಎಂದು ಕೇಳಿದರೆ ಆ ಕುಟುಂಬದ ಕೈಗೆಟಕುವ ಮನೆ ಯಾವುದೆಂದು ಅಂದಾಜಾಗುತ್ತದೆ. ಆದಾಯ ಎಷ್ಟು ಎಂದು ಕೇಳಿದರೆ ಯಾರೂ ನಿಜ ಹೇಳುವುದಿಲ್ಲ, ನಾನೂ ಹೇಳಲಿಕ್ಕಿಲ್ಲ.

ಬಾಡಿಗೆಯವರನ್ನು ಮರೆಯಬೇಡ. ಭಟ್ಕಳದಲ್ಲಿ ಗಲ್ಫಿನವರ ದೊಡ್ಡ ಮನೆಗಳು, ಘಟ್ಟದ ಬುಡದಲ್ಲಿ ಬೆಂಗಳೂರು ಸೇರಿದವರ ತೋಟದ ಮನೆಗಳು ಬೀಗ ಹಾಕಿ ನಿಂತಿವೆ. ಗೋಕರ್ಣದಲ್ಲಿ ಇದ್ದಬದ್ದ ಕೋಣೆ ಪ್ರವಾಸಿಗರಿಗೆ ಹೋಗುತ್ತದೆ. ಬೋಟಿನ ಕೆಲಸಕ್ಕೆ ಹೊರಗಿನಿಂದ ಬಂದವರು ಶೆಡ್ಡಿನಲ್ಲಿರುತ್ತಾರೆ. ಅವರಿಗೆ ಇಲ್ಲಿ ಮತವಿಲ್ಲ, ಹಾಗಾಗಿ ವಾರ್ಡ್ ಸಭೆಯಲ್ಲಿ ಅವರ ಪರವಾಗಿ ಯಾರೂ ಕೈ ಎತ್ತುವುದಿಲ್ಲ. ನಿನ್ನ ಪುಸ್ತಕದ ಕೊನೆಯ ಪುಟವಾದರೂ ಅವರಿಗಿರಲಿ.

ಒಂದು ಎಚ್ಚರಿಕೆ. ಯಾರ ಮನೆಯಲ್ಲೂ ‘ನಿಮ್ಮದು ಆಗುತ್ತದೆ’ ಎಂದು ಹೇಳಬೇಡ, ಚಹಾ ಕೊಟ್ಟಾಗ ಕುಡಿ, ಅಷ್ಟೇ. ನಿನ್ನ ಸ್ವಂತ ನೆಂಟರ ಮನೆಗೆ ಹೋಗುವಾಗ ಬೇರೆ ಜಾತಿಯ ಒಬ್ಬರನ್ನು ಜೊತೆಗೆ ಕರೆದುಕೊಂಡು ಹೋಗು, ಆಮೇಲಿನ ಮಾತು ತಪ್ಪುತ್ತದೆ. ಕೇರಿಗೆ ಕೇರಿಯೇ ಬಿಟ್ಟುಹೋಗುವುದು ಹೆಚ್ಚಾಗಿ ಮುಕ್ರಿಯವರದ್ದು, ಹಾಲಕ್ಕಿಯವರದ್ದು. ರಸ್ತೆಯಿಂದ ದೂರ, ಮೇಲಾಗಿ ಕೇಳಲು ಸಂಕೋಚ. ಅಲ್ಲಿಂದಲೇ ಶುರು ಮಾಡು, ಕಾಲಿಗೆ ಶಕ್ತಿ ಇರುವಾಗಲೇ.

ವಾರ್ಡ್ ಸಭೆಯ ದಿನ ಎರಡೂ ಪಟ್ಟಿಯನ್ನು ಗಟ್ಟಿಯಾಗಿ ಓದು. ಸರ್ಕಾರದ ಪಟ್ಟಿಗೆ ಠರಾವು ಆಗುತ್ತದೆ. ನಿನ್ನ ಪುಸ್ತಕದ ಲೆಕ್ಕವನ್ನೂ, ಜಾಗವಿಲ್ಲದವರು ಇಷ್ಟು, ಅರಣ್ಯದಲ್ಲಿರುವವರು ಇಷ್ಟು, ಪಾಲಾಗದವರು ಇಷ್ಟು, ನೆರೆಯವರು ಇಷ್ಟು ಎಂದು ನಡಾವಳಿ ಪುಸ್ತಕದಲ್ಲಿ ಬರೆಸು. ಪಿಡಿಒ ಸಾಹೇಬರು ಇದು ನಮೂನೆಯಲ್ಲಿ ಇಲ್ಲ ಅಂದಾರು. ನಮೂನೆಯಲ್ಲಿ ಇಲ್ಲದ್ದರಿಂದಲೇ ಬರೆಸುತ್ತಿದ್ದೇನೆ ಅನ್ನು. ಆ ಪುಟದ ನಕಲನ್ನು ತಹಶೀಲ್ದಾರರಿಗೆ ಕೊಟ್ಟು, ಹೋಬಳಿಯಲ್ಲಿ ನಿವೇಶನಕ್ಕೆ ಆಗುವ ಸರ್ಕಾರಿ ಜಾಗ ಎಲ್ಲಿದೆ ತೋರಿಸಿ ಎಂದು ಅರ್ಜಿ ಹಾಕು, ಸ್ವೀಕೃತಿ ಇಸಿದುಕೊಳ್ಳದೆ ಬರಬೇಡ. ಆಷಾಢದಲ್ಲಿ ಒಂದು ಸಂಜೆ ಬಾ. ಹತ್ತಿರದ ಮನೆಗಳನ್ನು ಮಳೆಯಲ್ಲೇ ಇನ್ನೊಂದು ಸಲ ನೋಡಿ ಬರುವಾ, ಕೊಡೆ ಹಿಡಿದು ನಡೆಯುವಷ್ಟು ಕಾಲು ನನಗಿನ್ನೂ ಇದೆ.