ಕಟ್ಟಡದ ಯಂತ್ರಗಳು ಮಾತನಾಡುವ ಬಗೆ

ಮುಂಬಯಿಯಂಥ ಮಹಾನಗರದಲ್ಲಿ ಮೂವತ್ತು-ನಲವತ್ತು ಅಂತಸ್ತುಗಳ ಕಟ್ಟಡಗಳನ್ನು ನಾವು ದಿನವೂ ಕಾಣುತ್ತೇವೆ. ಅವುಗಳ ಎತ್ತರಕ್ಕೆ ಬೆರಗಾಗುವ ನಾವು, ಅವುಗಳ ಒಡಲೊಳಗೆ ಹಗಲಿರುಳು ದುಡಿಯುತ್ತಿರುವ ಯಂತ್ರಗಳ ಕಡೆಗೆ ಗಮನ ಕೊಡುವುದು ವಿರಳ. ನೀರನ್ನು ಮೇಲಕ್ಕೆತ್ತುವ ಪಂಪುಗಳು, ನೀರನ್ನು ತಣ್ಣಗಾಗಿಸುವ ಚಿಲ್ಲರುಗಳು, ಪ್ರತಿ ಅಂತಸ್ತಿಗೂ ತಂಪುಗಾಳಿಯನ್ನೂದುವ ಯಂತ್ರಗಳು - ಇವು ಒಂದರ ಸ್ಥಿತಿಯನ್ನು ಇನ್ನೊಂದು ಅರಿತು ನಡೆದರೆ ಮಾತ್ರ ವಿದ್ಯುತ್ತು ಪೋಲಾಗದು, ಒಳಗಿರುವವರಿಗೂ ಸೌಖ್ಯವುಂಟು. ಈ ಯಂತ್ರಗಳು ಪರಸ್ಪರ ಸಮಾಚಾರ ತಿಳಿಸುವುದು ಹೇಗೆ, ಅದಕ್ಕಾಗಿ ಅವುಗಳಲ್ಲಿ ಅಳವಡಿಸುವ ಸಂಪರ್ಕ ಮಾಡ್ಯೂಲ್ ಎಂಬ ಪುಟ್ಟ ಉಪಕರಣವನ್ನು ಜೋಡಿಸುವ ಕ್ರಮವೇನು ಎಂಬುದನ್ನು ಈ ಲೇಖನದಲ್ಲಿ ವಿಚಾರ ಮಾಡೋಣ.

ಎಲ್ಲಕ್ಕೂ ಒಂದು ಭಾಷೆ

ಹಿಂದೆ ಒಂದೊಂದು ಕಂಪೆನಿಯ ಯಂತ್ರಕ್ಕೂ ಒಂದೊಂದು ಭಾಷೆಯಿದ್ದಿತು. ಒಬ್ಬರ ಚಿಲ್ಲರೂ ಇನ್ನೊಬ್ಬರ ಪಂಪೂ ಒಂದೇ ಕೋಣೆಯಲ್ಲಿದ್ದರೂ ಪರಸ್ಪರ ಅಪರಿಚಿತರಂತೆ ಇರುತ್ತಿದ್ದವು. ಈ ತೊಡಕನ್ನು ನೀಗಲು ಅಮೇರಿಕೆಯ ಆಶ್ರೇ ಎಂಬ ಇಂಜಿನಿಯರುಗಳ ಸಂಸ್ಥೆಯು ೧೯೮೭ರಲ್ಲಿ ಕಾರ್ಯಾರಂಭ ಮಾಡಿ, ೧೯೯೫ರಲ್ಲಿ ಬ್ಯಾಕ್‌ನೆಟ್ ಎಂಬ ಮಾನಕವನ್ನು ಪ್ರಕಟಿಸಿತು. ೨೦೦೩ರಲ್ಲಿ ಅದು ಅಂತರರಾಷ್ಟ್ರೀಯ ಮಾನಕವೂ ಆಯಿತು. ಯಂತ್ರದ ನಿಯಂತ್ರಕಕ್ಕೆ ಈ ಭಾಷೆಯನ್ನಾಡುವ ಬಾಯಿಯನ್ನೂ ಕೇಳುವ ಕಿವಿಯನ್ನೂ ಒದಗಿಸುವುದೇ ಸಂಪರ್ಕ ಮಾಡ್ಯೂಲಿನ ಕೆಲಸ.

ಈ ಭಾಷೆಯು ಹಲವು ಬಗೆಯ ಮಾರ್ಗಗಳಲ್ಲಿ ಸಾಗಬಲ್ಲುದು. ಅವುಗಳಲ್ಲಿ ಬಹು ಬಳಕೆಯಲ್ಲಿರುವ ಒಂದು, ಆರ್.ಎಸ್.-೪೮೫ ಎಂಬ ಪದ್ಧತಿಯ ಎರಡೆಳೆಯ ತಂತಿಯ ಮಾರ್ಗ. ನಾವಿಲ್ಲಿ ಅದನ್ನೇ ತೆಗೆದುಕೊಳ್ಳುವೆವು.

ತಂತಿಯ ಗುಣ

ಈ ತಂತಿಯಲ್ಲಿ ಎರಡು ಎಳೆಗಳನ್ನು ಹಗ್ಗದಂತೆ ಒಂದಕ್ಕೊಂದು ಹೊಸೆದಿರುತ್ತಾರೆ; ಸುತ್ತಲೂ ಶೀಲ್ಡ್ ಎಂಬ ಲೋಹದ ಹೊದಿಕೆಯಿರುತ್ತದೆ. ಸಂದೇಶವು ಒಂದು ಎಳೆಯಲ್ಲಿರುವ ವೋಲ್ಟೇಜಿನಿಂದ ತಿಳಿಯುವುದಿಲ್ಲ. ಎರಡೆಳೆಗಳ ನಡುವಣ ಅಂತರದಿಂದ ತಿಳಿಯುತ್ತದೆ. ಈ ಅಂತರವು ೨೦೦ ಮಿಲಿವೋಲ್ಟ್, ಎಂದರೆ ಒಂದು ವೋಲ್ಟಿನ ಐದನೆಯ ಒಂದು ಪಾಲಿನಷ್ಟಿದ್ದರೂ ಕೇಳುವ ಮಾಡ್ಯೂಲ್ ಅದನ್ನು ಗುರುತಿಸಬಲ್ಲುದು. ಹತ್ತಿರದ ಮೋಟಾರಿನಿಂದ ಬರುವ ಗದ್ದಲವು ಹೊಸೆದ ಎರಡೆಳೆಗಳ ಮೇಲೂ ಬಹುಮಟ್ಟಿಗೆ ಸಮನಾಗಿ ಬೀಳುವುದರಿಂದ ಅಂತರವು ಹಾಗೆಯೇ ಉಳಿಯುತ್ತದೆ. ೭ ಮತ್ತು ೪ಕ್ಕೆ ತಲಾ ೧೦ನ್ನು ಕೂಡಿಸಿದರೂ ಅವುಗಳ ವ್ಯತ್ಯಾಸ ೩ ಆಗಿಯೇ ಇರುವುದಲ್ಲವೆ? ತರಗತಿಯ ಸರಳ ಗಣಿತವೇ ಇಲ್ಲಿ ಸಂದೇಶವನ್ನು ಕಾಯುತ್ತದೆ.

ಸಾಲಿನ ನಿಯಮ

ಮಾಡ್ಯೂಲುಗಳನ್ನು ಪಂಕ್ತಿಭೋಜನಕ್ಕೆ ಕುಳಿತವರಂತೆ ಒಂದರ ಮುಂದೊಂದಾಗಿ ಸಾಲಿನಲ್ಲಿಯೇ ಜೋಡಿಸಬೇಕು. ಒಂದು ಕೇಂದ್ರದಿಂದ ಮರದ ಕೊಂಬೆಗಳಂತೆ ಕವಲುಗಳನ್ನು ಎಳೆಯಕೂಡದು. ವಿದ್ಯುತ್ ಸಂಕೇತವು ತಂತಿಯಲ್ಲಿ ಅಲೆಯಂತೆ ಸಾಗುತ್ತದೆ. ಕೆರೆಯ ಅಲೆ ಏರಿಗೆ ಬಡಿದು ಹಿಂದಿರುಗುವಂತೆ, ಇದೂ ತಂತಿಯ ಕೊನೆಯಲ್ಲಿ ಬಡಿದು ಹಿಂದಿರುಗಿ ಮುಂದಿನ ಸಂದೇಶವನ್ನು ಕೆಡಿಸುತ್ತದೆ. ಇದನ್ನು ತಡೆಯಲು ಸಾಲಿನ ಎರಡು ತುದಿಗಳಲ್ಲಿ ಮಾತ್ರ ಎರಡೆಳೆಗಳ ನಡುವೆ ೧೨೦ ಓಮಿನ ರೋಧಕವೊಂದನ್ನು ಹಾಕುತ್ತಾರೆ. ಒಂದು ಸಾಲಿನ ಉದ್ದವು ಹೆಚ್ಚೆಂದರೆ ಸುಮಾರು ೧೨೦೦ ಮೀಟರು. ಮೂಲ ಲೆಕ್ಕದಂತೆ ಒಂದು ಸಾಲಿಗೆ ೩೨ ಉಪಕರಣಗಳು. ಈಗಿನ ಹಗುರ ಭಾರದ ಮಾಡ್ಯೂಲುಗಳಾದರೆ ಇದಕ್ಕಿಂತ ಹೆಚ್ಚು ಸೇರಿಸಬಹುದು.

ಮಾತಿನ ಸರದಿಯೂ ಪಂಕ್ತಿಯ ಶಿಸ್ತಿಗೆ ಒಳಪಟ್ಟುದು. ಟೋಕನ್ ಎಂಬ ಅಪ್ಪಣೆಯು ಒಬ್ಬರಿಂದ ಒಬ್ಬರಿಗೆ ಸಾಗುತ್ತದೆ. ಅದು ಯಾರ ಕೈಯಲ್ಲಿದೆಯೋ ಅವರು ಮಾತನ್ನಾರಂಭಿಸಬಹುದು. ಉಳಿದವರು ಕೇಳಬೇಕು, ಕೇಳಿದುದಕ್ಕೆ ಮಾತ್ರ ಉತ್ತರಿಸಬೇಕು.

ವಿಳಾಸವಿಡುವುದು

ಹೀಗೆ ಸರದಿಯಿಂದ ಮಾತನಾಡುವ ಪ್ರತಿ ಮಾಡ್ಯೂಲಿಗೂ ೦ಯಿಂದ ೧೨೭ರವರೆಗಿನ ಒಂದು ವಿಳಾಸವಿರಬೇಕು. ಅನೇಕ ಮಾಡ್ಯೂಲುಗಳಲ್ಲಿ ಇದನ್ನು ಸಾಲಾಗಿರುವ ಪುಟ್ಟ ಸ್ವಿಚ್ಚುಗಳಿಂದ ಗೊತ್ತುಮಾಡುತ್ತಾರೆ. ಅವುಗಳ ಬೆಲೆ ಕ್ರಮವಾಗಿ ೧, ೨, ೪, ೮, ೧೬, ೩೨, ೬೪. ವಿಳಾಸ ೩೭ ಆಗಬೇಕಾದರೆ ೩೨, ೪, ೧ - ಈ ಮೂರನ್ನು ಮಾತ್ರ ಒತ್ತಬೇಕು. ಒಂದೇ ಸಾಲಿನಲ್ಲಿ ಇಬ್ಬರಿಗೆ ಒಂದೇ ವಿಳಾಸ ಬಿದ್ದರೆ ಇಬ್ಬರೂ ಒಟ್ಟಿಗೆ ಮಾತನಾಡಿ ಸಾಲೆಲ್ಲವೂ ಕಂಗೆಡುವುದು. ಅಂತೆಯೇ ಎಲ್ಲರ ವೇಗವೂ ಒಂದೇ ಆಗಿರಬೇಕು. ಸೆಕೆಂಡಿಗೆ ೩೮,೪೦೦ ಬಿಟ್ಟುಗಳೆಂದರೆ ಎಲ್ಲಕ್ಕೂ ಅಷ್ಟೇ. ಇದಲ್ಲದೆ ಇಡೀ ಕಟ್ಟಡದ ಜಾಲದಲ್ಲಿ ಬೇರೆ ಯಾವುದಕ್ಕೂ ಇಲ್ಲದಂಥ ಒಂದು ಕ್ರಮಸಂಖ್ಯೆಯನ್ನೂ ಪ್ರತಿ ಉಪಕರಣಕ್ಕೆ ಕೊಡಬೇಕು.

ಕೆಲಸದ ಕ್ರಮ

ಮೊದಲನೆಯದಾಗಿ, ಪ್ಯಾನೆಲಿನ ವಿದ್ಯುತ್ತನ್ನು ಕಡಿದು, ಬೇರೆಯವರು ಹಾಕದಂತೆ ಬೀಗವಿಟ್ಟು, ಮೀಟರಿನಿಂದ ವಿದ್ಯುತ್ತಿಲ್ಲವೆಂಬುದನ್ನು ಖಚಿತ ಮಾಡಿಕೊಳ್ಳಬೇಕು. ಅರ್ಥಿಂಗ್ ಆಗಿರುವ ಲೋಹವನ್ನು ಮುಟ್ಟಿ ಮೈಯಲ್ಲಿನ ಸ್ಥಾಯೀವಿದ್ಯುತ್ತನ್ನು ಕಳೆದ ಬಳಿಕವೇ ಮಾಡ್ಯೂಲನ್ನು ಕೈಗೆತ್ತಿಕೊಳ್ಳಬೇಕು.

ಎರಡನೆಯದಾಗಿ, ಸಂದೇಶದ ತಂತಿಯನ್ನು ಮೋಟಾರಿನ ಕೇಬಲಿನ ಮಗ್ಗುಲಲ್ಲಿ ಎಳೆಯದೆ ದೂರವಿಡಬೇಕು. ದಾಟಲೇಬೇಕಾದಲ್ಲಿ ಲಂಬಕೋನದಲ್ಲಿ ದಾಟಿಸಬೇಕು.

ಮೂರನೆಯದಾಗಿ, ಸಾಲಿನುದ್ದಕ್ಕೂ ಧನಕ್ಕೆ ಧನವನ್ನೂ ಋಣಕ್ಕೆ ಋಣವನ್ನೂ ಸೇರಿಸಬೇಕು. ಕೆಲವು ತಯಾರಕರು ಎ ಮತ್ತು ಬಿ ಎಂಬ ಅಕ್ಷರಗಳನ್ನು ಅದಲುಬದಲಾಗಿ ಬಳಸುವುದರಿಂದ ಅಕ್ಷರಗಳನ್ನಷ್ಟೇ ನಂಬದೆ ಕೈಪಿಡಿಯನ್ನು ನೋಡಬೇಕು. ಶೀಲ್ಡನ್ನು ಮಾಡ್ಯೂಲಿನಿಂದ ಮಾಡ್ಯೂಲಿಗೆ ಮುಂದುವರಿಸಿ, ಸಾಮಾನ್ಯವಾಗಿ ಒಂದು ತುದಿಯಲ್ಲಿ ಮಾತ್ರ ಅರ್ಥಿಂಗಿಗೆ ಸೇರಿಸುತ್ತಾರೆ.

ನಾಲ್ಕನೆಯದಾಗಿ, ಅನೇಕ ಮಾಡ್ಯೂಲುಗಳಿಗೆ ಬೇಕಾಗುವ ೨೪ ವೋಲ್ಟಿನ ತಂತಿಯು ಸಂದೇಶದ ಟರ್ಮಿನಲಿಗೆ ತಪ್ಪಿಯೂ ತಗುಲದಂತೆ ನೋಡಿಕೊಳ್ಳಬೇಕು. ಈ ಒಂದು ಅಜಾಗ್ರತೆ ಮಾಡ್ಯೂಲನ್ನೇ ಸುಟ್ಟುಬಿಡಬಲ್ಲುದು.

ಕೊನೆಯದಾಗಿ, ವಿದ್ಯುತ್ತು ಹಾಕುವ ಮುನ್ನ ಎರಡೆಳೆಗಳ ನಡುವೆ ಓಮ್ ಅಳೆಯಬೇಕು. ೧೨೦ ಓಮಿನ ಎರಡು ರೋಧಕಗಳು ಸಮಾಂತರವಾಗಿರುವುದರಿಂದ ಮೀಟರು ೬೦ರ ಆಸುಪಾಸು ತೋರಿಸಬೇಕು. ೧೨೦ರ ಬಳಿ ಬಂದರೆ ಒಂದು ತುದಿಯ ರೋಧಕವಿಲ್ಲ, ಇಲ್ಲವೆ ತಂತಿ ನಡುವೆ ಕಡಿದಿದೆ. ೪೦ರ ಬಳಿ ಬಂದರೆ ಯಾರೋ ಮೂರನೆಯದನ್ನು ಹಾಕಿದ್ದಾರೆ. ಸೊನ್ನೆಯ ಬಳಿ ಬಂದರೆ ಎಳೆಗಳು ಒಂದಕ್ಕೊಂದು ತಗುಲಿವೆ. ನಾಲ್ಕು ಗೋಡೆಗಳೊಳಗೆ ಅಡಗಿದ ತಪ್ಪನ್ನು ಓಮನ ಪಾಠವು ಹೀಗೆ ಹೊರಗೆಳೆದು ತೋರಿಸುತ್ತದೆ.

ಜವಾಬ್ದಾರಿ

ಒಂದು ಸಡಿಲ ಸ್ಕ್ರೂವಿನಿಂದ ಏನಾದೀತೆಂದು ಕೆಲವರು ಕೇಳಬಹುದು. ಆಸ್ಪತ್ರೆಯ ರಕ್ತನಿಧಿಯನ್ನು ನೆನೆಯೋಣ. ಅಲ್ಲಿ ರಕ್ತವನ್ನು ೨ರಿಂದ ೬ ಸೆಲ್ಸಿಯಸ್ ಡಿಗ್ರಿಯೊಳಗೆ ಕಾಪಾಡಬೇಕು. ಶೀತಕದ ಮಾಡ್ಯೂಲಿನ ತಂತಿ ಸಡಿಲಗೊಂಡು ಸಂದೇಶ ನಿಂತಾಗ, ಸರಿಯಾಗಿ ಏರ್ಪಡಿಸದ ವ್ಯವಸ್ಥೆಯಾದರೆ, ಕೊನೆಯಲ್ಲಿ ಬಂದ ೪ ಡಿಗ್ರಿಯನ್ನೇ ಪರದೆಯ ಮೇಲೆ ತೋರಿಸುತ್ತಿರಬಹುದು. ನೋಡುವವನಿಗೆ ಎಲ್ಲವೂ ಕ್ಷೇಮವೆಂದೇ ತೋರುತ್ತದೆ. ಒಳಗೆ ರಕ್ತ ಕೆಡುತ್ತಿರುತ್ತದೆ. ಆದುದರಿಂದ ಬಲ್ಲ ಕೆಲಸಗಾರನು ಸಂಪರ್ಕ ತಪ್ಪಿದೊಡನೆ ಗಂಟೆ ಬಾರಿಸುವ ಏರ್ಪಾಡು ಮಾಡುತ್ತಾನೆ. ಬೇಕೆಂದೇ ತಂತಿಯನ್ನು ಬಿಚ್ಚಿ ಆ ಗಂಟೆ ಬಾರಿಸುವುದೇ ಎಂದು ಪರೀಕ್ಷಿಸುತ್ತಾನೆ. ಪರದೆಯ ಅಂಕಿಯನ್ನು ಥರ್ಮಾಮೀಟರಿನೊಡನೆ ಹೋಲಿಸಿ ನೋಡಿದ ಮೇಲೆಯೇ ಪ್ಯಾನೆಲಿನ ಬಾಗಿಲು ಮುಚ್ಚುತ್ತಾನೆ. ಮೌನವನ್ನು ಕ್ಷೇಮಸಮಾಚಾರವೆಂದು ತಿಳಿಯಬಾರದು ಎಂಬುದು ಈ ವಿದ್ಯೆಯ ಮೊದಲ ನೀತಿ.

ವಿದ್ಯಾರ್ಥಿ ಮಿತ್ರರೇ, ಈ ಕೆಲಸಕ್ಕೆ ಬೇಕಾಗುವ ವಿದ್ಯೆ ನಿಮಗೆ ದೂರದ್ದಲ್ಲ. ಓಮನ ನಿಯಮ, ಎರಡರ ಘಾತಗಳು, ಅಲೆಯ ಗುಣ - ಇವೆಲ್ಲವೂ ಕನ್ನಡದಲ್ಲಿಯೇ ನಿಮ್ಮ ಪಠ್ಯಪುಸ್ತಕಗಳಲ್ಲಿವೆ. ತಾಯ್ನುಡಿಯಲ್ಲಿ ಕಾರಣಸಹಿತವಾಗಿ ಅರಿತುದನ್ನು ಮುಂದೆ ಯಾವ ಭಾಷೆಯ ಕೈಪಿಡಿ ಎದುರಾದರೂ ಗುರುತಿಸುವುದು ಕಷ್ಟವಾಗದು. ಮಾಡ್ಯೂಲನ್ನು ಜೋಡಿಸಿದವನ ಹೆಸರು ಕಟ್ಟಡದ ಶಿಲಾಫಲಕದಲ್ಲಿ ಕೆತ್ತಲ್ಪಡುವುದಿಲ್ಲ. ಆದರೆ ಪ್ರತಿ ತಂತಿಗೂ ಗುರುತಿನ ಚೀಟಿ ಕಟ್ಟಿ, ವಿಳಾಸಗಳ ಪಟ್ಟಿಯನ್ನು ಪ್ಯಾನೆಲಿನ ಬಾಗಿಲ ಒಳಗೆ ಅಂಟಿಸಿ ಹೋದವನನ್ನು, ಹತ್ತು ವರ್ಷಗಳ ಬಳಿಕ ಅಪರಾತ್ರಿಯಲ್ಲಿ ಆ ಬಾಗಿಲು ತೆರೆಯುವ ಇನ್ನೊಬ್ಬ ಕೆಲಸಗಾರನು ಮನಸಾರೆ ಹರಸುವನು.