ಪರದೆಯ ಮೇಲೆ ಅಣುವನ್ನು ತಿದ್ದುವ ಬಗೆ

ಸೈಕ್ಲೊಹೆಕ್ಸೇನ್ ಎಂಬ ವಸ್ತುವಿನ ಅಣುವನ್ನು ಪಠ್ಯಪುಸ್ತಕಗಳಲ್ಲಿ ಒಂದು ಷಟ್ಕೋನವಾಗಿ ಬರೆದಿರುವುದನ್ನು ವಿದ್ಯಾರ್ಥಿಗಳು ನೋಡಿಯೇ ಇರುತ್ತಾರೆ. ಇಂಗಾಲದ ಆರು ಪರಮಾಣುಗಳು ಉಂಗುರದಂತೆ ಕೂಡಿಕೊಂಡಿವೆ. ಒಂದೊಂದಕ್ಕೂ ಎರಡೆರಡು ಜಲಜನಕಗಳು ಅಂಟಿಕೊಂಡಿವೆ. ಕಾಗದವು ಚಪ್ಪಟೆಯಾದುದರಿಂದ ಚಿತ್ರವೂ ಚಪ್ಪಟೆ. ಆದರೆ ಅಣುವೂ ಚಪ್ಪಟೆಯೇ? 1885ರಲ್ಲಿ ಜರ್ಮನಿಯ ಬೇಯರನು ಹೌದೆಂದೇ ಭಾವಿಸಿ ಉಂಗುರಗಳ ಬಿಗಿತವನ್ನು ಲೆಕ್ಕಹಾಕಿದನು. 1890ರಲ್ಲಿ ಸಾಕ್ಸೆ ಎಂಬ ತರುಣನು, ಉಂಗುರವು ಮಡಿಚಿಕೊಂಡರೆ ಆ ಬಿಗಿತವೇ ಇರದೆಂದು ವಾದಿಸಿದನು. ಅವನ ಮಾತಿಗೆ ಆಗ ಕಿವಿಗೊಟ್ಟವರು ವಿರಳ.

ಈ ವಾದವನ್ನು ಇಂದು ವಿದ್ಯಾರ್ಥಿಯು ತಾನೇ ಪರೀಕ್ಷಿಸಿ ನೋಡಬಹುದು. ಅವೊಗಾಡ್ರೊ ಎಂಬುದು ಉಚಿತವಾಗಿ ದೊರೆಯುವ ಒಂದು ಅಣುರಚನಾ ತಂತ್ರಾಂಶ. ಇದರಲ್ಲಿ ಬರೆಯುವ ಸಾಧನವನ್ನು ಆರಿಸಿಕೊಂಡು ಪರದೆಯ ಮೇಲೆ ಮೌಸನ್ನು ಒತ್ತಿದರೆ ಇಂಗಾಲದ ಪರಮಾಣುವೊಂದು ಮೂಡುತ್ತದೆ. ಒತ್ತಿ ಹಿಡಿದು ಎಳೆದರೆ ಬಂಧದೊಡನೆ ಇನ್ನೊಂದು. ಬೇಕಾದಷ್ಟು ಜಲಜನಕಗಳನ್ನು ತಂತ್ರಾಂಶವೇ ಜೋಡಿಸುತ್ತದೆ. ತಪ್ಪಿದರೆ ಒಂದು ಹೆಜ್ಜೆ ಹಿಂದಕ್ಕೆ ಹೋಗಬಹುದು. ಪ್ರಯೋಗಶಾಲೆಯಲ್ಲಿ ಈ ಸೌಕರ್ಯವಿಲ್ಲವಷ್ಟೆ!

ಹೀಗೆ ಬರೆದ ಉಂಗುರವು ಕೈಯ ಕೆಲಸವೇ ಹೊರತು ಪ್ರಕೃತಿಯದಲ್ಲ. ಆದುದರಿಂದ ಅದನ್ನು ಸರಿಪಡಿಸುವ ಮತ್ತೊಂದು ಸಾಧನವುಂಟು. ಇಂಗಾಲ–ಇಂಗಾಲ ಏಕಬಂಧದ ಸಹಜವಾದ ಉದ್ದ 1.54 ಆಂಗ್‌ಸ್ಟ್ರಾಂ, ಬಂಧಗಳ ನಡುವಣ ಸಹಜ ಕೋನ ಸುಮಾರು 109.5 ಡಿಗ್ರಿ. ಚಪ್ಪಟೆ ಷಟ್ಕೋನದಲ್ಲಾದರೋ ಅದು 120 ಡಿಗ್ರಿ. ತಂತ್ರಾಂಶವು ಬಂಧಗಳನ್ನು ಸ್ಪ್ರಿಂಗುಗಳೆಂದು ಎಣಿಸಿ, ಅವು ಎಷ್ಟು ಹಿಗ್ಗಿವೆ, ಎಷ್ಟು ಬಾಗಿವೆ, ನೆರೆಯ ಜಲಜನಕಗಳು ಒಂದನ್ನೊಂದು ಎಷ್ಟು ನೂಕುತ್ತಿವೆ ಎಂಬುದನ್ನೆಲ್ಲ ಕೂಡಿಸಿ ಒಟ್ಟು ಶಕ್ತಿಯನ್ನು ಕಂಡುಹಿಡಿಯುತ್ತದೆ. ಆ ಶಕ್ತಿ ಕಡಮೆಯಾಗುವ ದಿಕ್ಕಿಗೆ ಪರಮಾಣುಗಳನ್ನು ಸರಿಸುತ್ತ ಹೋಗುತ್ತದೆ. ಪರದೆಯ ಮೂಲೆಯಲ್ಲಿ ಶಕ್ತಿಯ ಅಂಕೆ ಇಳಿದಿಳಿದು ಕೊನೆಗೆ ನಿಲ್ಲುತ್ತದೆ.

ಅಂಕೆ ನಿಂತೊಡನೆ ಉತ್ತರ ಬಂದಿತೆಂದು ತಿಳಿಯುವುದು ದೊಡ್ಡ ತಪ್ಪು. ನನ್ನ ತರಗತಿಯಲ್ಲೊಮ್ಮೆ ಇಬ್ಬರು ವಿದ್ಯಾರ್ಥಿಗಳು ಇದೇ ಉಂಗುರವನ್ನು ಬರೆದು ಬೇರೆಬೇರೆ ಅಂಕೆಗಳನ್ನು ಪಡೆದರು. ಹೆಚ್ಚಿನ ಅಂಕೆ ಬಂದವನು ಯಂತ್ರವೇ ಕೆಟ್ಟಿದೆಯೆಂದನು. ನೋಡಿದರೆ ಒಬ್ಬನ ಉಂಗುರ ಕುರ್ಚಿಯ ಆಕಾರದಲ್ಲಿತ್ತು. ಇವನದು ತಿರುಚಿದ ದೋಣಿಯ ಆಕಾರದಲ್ಲಿತ್ತು. ಲೆಕ್ಕ ಎರಡೂ ಸರಿಯೇ. ಇಳಿಜಾರಿನಲ್ಲಿ ಹರಿಯುವ ನೀರು ಹತ್ತಿರದ ಹಳ್ಳವನ್ನು ಸೇರಿ ನಿಲ್ಲುತ್ತದೆ. ದಿಣ್ಣೆಯಾಚೆ ಇನ್ನೂ ಆಳವಾದ ಕಣಿವೆಯಿದೆ ಎಂಬುದನ್ನು ಅದು ಅರಿಯದು. ಈ ಸಾಧನವೂ ಹಾಗೆಯೇ. ಉಂಗುರವು ಕರಾರುವಾಕ್ಕಾಗಿ ಚಪ್ಪಟೆಯಾಗಿದ್ದು, ಮೇಲಿನ ಕೆಳಗಿನ ಜಲಜನಕಗಳು ಸರಿಸಮವಾಗಿದ್ದರಂತೂ ಇನ್ನೂ ವಿಚಿತ್ರ. ಆಗ ಇಂಗಾಲಗಳ ಮೇಲೆ ಸಮತಲಕ್ಕೆ ಲಂಬವಾದ ಬಲವೇ ಸೊನ್ನೆ. ಗುಡ್ಡದ ನೆತ್ತಿಯ ಮೇಲೆ ನಿಲ್ಲಿಸಿದ ಗೋಲಿಯಂತೆ ಉಂಗುರವು ಚಪ್ಪಟೆಯಾಗಿಯೇ ಉಳಿದೀತು. ಬೇಯರನ ಪರವಾಗಿ ಯಂತ್ರವೇ ಸಾಕ್ಷಿ ನುಡಿದಂತಾದೀತು!

ಇಲ್ಲಿಯೇ ಕೈಯ ಉಪಯೋಗ. ಸರಿಪಡಿಸುವ ಸಾಧನವು ಕೆಲಸಮಾಡುತ್ತಿರುವಾಗಲೇ ಒಂದು ಪರಮಾಣುವನ್ನು ಮೌಸಿನಿಂದ ಹಿಡಿದು ಎಳೆಯಬಹುದು, ಉಳಿದವು ಹಿಂಬಾಲಿಸುತ್ತವೆ. ಆ ವಿದ್ಯಾರ್ಥಿಯಿಂದ, ದೋಣಿಯ ತುದಿಯಲ್ಲಿದ್ದ ಇಂಗಾಲವನ್ನು ಉಂಗುರದ ಇನ್ನೊಂದು ಮಗ್ಗುಲಿಗೆ ಎಳೆಯಿಸಿದೆ. ಅಂಕೆ ಮೊದಲು ಏರಿತು, ಆಮೇಲೆ ಸರ್ರನೆ ಇಳಿದು ನೆರೆಯವನ ಅಂಕೆಯನ್ನೇ ಮುಟ್ಟಿತು. ಈ ಎರಡು ಆಕಾರಗಳ ಶಕ್ತಿಯ ಅಂತರ ಮೋಲಿಗೆ ಸುಮಾರು 23 ಕಿಲೊಜೂಲ್. ಕೊಠಡಿಯ ಉಷ್ಣತೆಯಲ್ಲಿ ಆರ್‌ಟಿ ಎಂಬ ಗುಣಲಬ್ಧದ ಬೆಲೆ ಸುಮಾರು 2.5 ಕಿಲೊಜೂಲ್ ಮಾತ್ರ. ಆದುದರಿಂದ ನಿಜವಾದ ಸೈಕ್ಲೊಹೆಕ್ಸೇನಿನಲ್ಲಿ ನೂರಕ್ಕೆ ತೊಂಬತ್ತೊಂಬತ್ತಕ್ಕೂ ಹೆಚ್ಚು ಅಣುಗಳು ಕುರ್ಚಿಗಳೇ. ನಾರ್ವೆಯ ಹಾಸೆಲನು 1940ರ ದಶಕದಲ್ಲಿ ಎಲೆಕ್ಟ್ರಾನ್ ವಿವರ್ತನೆಯಿಂದ ಇದನ್ನು ದೃಢಪಡಿಸಿದನು. 1969ರ ನೊಬೆಲ್ ಪಾರಿತೋಷಕವನ್ನು ಅವನೂ ಬ್ರಿಟನ್ನಿನ ಬಾರ್ಟನನೂ ಹಂಚಿಕೊಂಡರು.

ಬಂಧವನ್ನೇ ಹಿಡಿದು ಅದರ ಸುತ್ತ ಅಣುವಿನ ಒಂದು ಭಾಗವನ್ನು ತಿರುಗಿಸುವ ಸಾಧನವೂ ಇದೆ. ಇದಕ್ಕೆ ಬ್ಯೂಟೇನ್ ಅನುಕೂಲವಾದುದು. ನಾಲ್ಕು ಇಂಗಾಲಗಳನ್ನು ಅಂಕುಡೊಂಕಾದ ಸಾಲಾಗಿ ಬರೆದು, ಮೊದಲು ಸರಿಪಡಿಸಿ, ಬಳಿಕ ಆ ಸಾಧನವನ್ನು ನಿಲ್ಲಿಸಿ. ಇಲ್ಲವಾದರೆ ನೀವು ತಿರುಗಿಸಿದ್ದನ್ನು ಅದು ಮತ್ತೆ ಹಳ್ಳಕ್ಕೆ ಜಾರಿಸಿಬಿಡುತ್ತದೆ. ನಡುವಣ ಬಂಧವನ್ನು 30 ಡಿಗ್ರಿಗಳಷ್ಟು ತಿರುಗಿಸುತ್ತ, ಪ್ರತಿ ಸಲವೂ ಶಕ್ತಿಯನ್ನಷ್ಟೇ ಲೆಕ್ಕಹಾಕಿಸಿ ಗ್ರಾಫ್ ಕಾಗದದಲ್ಲಿ ಗುರುತಿಸಿ. ಪೂರ್ತಿ ಸುತ್ತು ಮುಗಿಯುವುದರೊಳಗೆ ಮೂರು ಕಣಿವೆಗಳು ಕಾಣಬೇಕು. ಅವುಗಳಲ್ಲಿ ಎರಡು ಒಂದೇ ಆಳದವು, ಒಂದು ಮಾತ್ರ ಹೆಚ್ಚು ಆಳ. ಅದು ಯಾವುದು, ಏಕೆ ಎಂಬುದನ್ನು ಅಣುವನ್ನು ತಿರುಗಿಸಿ ನೋಡಿಯೇ ಹೇಳಬಹುದು.