ಸಿಯಾಚಿನ್ ಪಾಠದಲ್ಲಿ ಎದ್ದ ಒಂದು ಪ್ರಶ್ನೆ

ಬೋಧನಾಭ್ಯಾಸದ ಮೂರನೆಯ ವಾರ ಧಾರವಾಡದ ಒಂದು ಪ್ರೌಢಶಾಲೆಯ ಹತ್ತನೆಯ ತರಗತಿಗೆ ನಾನು ಭಾರತದ ವಿದೇಶಾಂಗ ನೀತಿಯ ಘಟಕವನ್ನು ಬೋಧಿಸಬೇಕಿತ್ತು. ನೆರೆರಾಷ್ಟ್ರಗಳೊಂದಿಗಿನ ಸಂಬಂಧ ಎಂಬ ಬೋಧನಾಂಶಕ್ಕೆ ಪೀಠಿಕೆಯಾಗಿ ನಮ್ಮ ಜಿಲ್ಲೆಯವರೇ ಆದ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರ ವೃತ್ತಾಂತವನ್ನು ಆರಿಸಿಕೊಂಡೆ. ಕುಂದಗೋಳ ತಾಲ್ಲೂಕಿನ ಬೆಟದೂರಿನ ಈ ಯೋಧ 2016ರ ಫೆಬ್ರುವರಿ 3ರಂದು ಸಿಯಾಚಿನ್ ಪ್ರದೇಶದ ಸುಮಾರು 19,600 ಅಡಿ ಎತ್ತರದ ಠಾಣೆಯಲ್ಲಿ ಹಿಮಕುಸಿತಕ್ಕೆ ಸಿಲುಕಿದರು. ಜೊತೆಗಿದ್ದ ಒಂಬತ್ತು ಮಂದಿ ಮಡಿದರು. ಇವರು ಮಾತ್ರ ದಿನಗಟ್ಟಲೆ ಹಿಮದಡಿ ಹೂತಿದ್ದರೂ ಜೀವಂತವಾಗಿ ಸಿಕ್ಕರು. ಆದರೆ ಫೆಬ್ರುವರಿ 11ರಂದು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ಕೊನೆಯುಸಿರೆಳೆದರು.

ತರಗತಿ ಮೌನವಾಯಿತು. ಪೀಠಿಕೆ ಫಲಿಸಿತೆಂದು ನಾನು ಹಿಗ್ಗುವಷ್ಟರಲ್ಲಿ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು. "ಟೀಚರ್ರಿ, ಅಲ್ಲಿ ಬೆಳಿ ಬೆಳಿಯೂದಿಲ್ಲ, ಯಾರೂ ಮನಿ ಕಟ್ಟಿಲ್ಲ ಅಂತ ನೀವ ಹೇಳಿದ್ರಿ. ಹಂಗಾದ್ರ ಅವರನ್ನ ಅಷ್ಟು ಎತ್ತರದಾಗ ಯಾಕ ಇಟ್ಟಾರ್ರಿ? ಸರ್ಕಾರದ್ದು ತಪ್ಪಲ್ಲೇನ್ರಿ?"

ಮುಂದಿನ ಸಾಲಿನ ಹುಡುಗ ತಟ್ಟನೆ ತಿರುಗಿದ: "ಏ, ಸೈನಿಕರ ಬಗ್ಗೆ ಹಂಗ ಮಾತಾಡಬಾರದು! ನಮ್ಮ ಕಾಕಾ ಮಿಲಿಟರ್ಯಾಗ ಅದಾನ."

ನಾನು "ಅದು ಈಗ ಬ್ಯಾಡವಾ, ಕುಂದ್ರು" ಎಂದು ಮುಂದಿನ ಬೋಧನಾಂಶಕ್ಕೆ ಹೋದೆ. ಆ ಹುಡುಗಿ ಅವಧಿ ಮುಗಿಯುವವರೆಗೂ ಮತ್ತೆ ಕೈ ಎತ್ತಲಿಲ್ಲ.

ನಮ್ಮ ಮಾರ್ಗದರ್ಶಕರು ವೀಕ್ಷಣಾ ವಹಿಯಲ್ಲಿ ಕಪ್ಪುಹಲಗೆ ಕೆಲಸ, ಧ್ವನಿ, ಸಮಯಪಾಲನೆ ಎಲ್ಲಕ್ಕೂ ಒಳ್ಳೆಯ ಅಂಕ ಕೊಟ್ಟು, ಕೆಳಗೆ ಒಂದು ಸಾಲು ಬರೆದಿದ್ದರು: "ಉತ್ತರ ಗೊತ್ತಿರಲಿಲ್ಲವೋ, ಅಂಜಿಕೆಯೋ?" ಎರಡೂ ಎಂದು ಒಪ್ಪಿಕೊಂಡೆ. "ಹಾಗಾದರೆ ಗೊತ್ತು ಮಾಡಿಕೊಂಡು ಅದೇ ಪಾಠವನ್ನು ಮತ್ತೆ ಮಾಡಿರಿ" ಎಂದರು.

ಎರಡು ದಿನ ಓದಿದೆ. 1949ರ ಕರಾಚಿ ಒಪ್ಪಂದದ ಕದನವಿರಾಮ ರೇಖೆಯಾಗಲಿ, 1972ರ ನಿಯಂತ್ರಣ ರೇಖೆಯಾಗಲಿ ಎನ್‌ಜೆ 9842 ಎಂಬ ಬಿಂದುವಿನಿಂದಾಚೆಗೆ ಹಿಮನದಿ ಪ್ರದೇಶವನ್ನು ಸ್ಪಷ್ಟವಾಗಿ ಗುರುತಿಸಿಲ್ಲ. 1984ರ ಏಪ್ರಿಲ್ 13ರಂದು 'ಆಪರೇಷನ್ ಮೇಘದೂತ'ದ ಮೂಲಕ ಭಾರತದ ಸೇನೆ ಅಲ್ಲಿನ ಎತ್ತರದ ನೆಲೆಗಳನ್ನು ಹಿಡಿಯಿತು. 1989ರ ಜೂನ್‌ನಲ್ಲಿ ಎರಡೂ ದೇಶಗಳು ಸೇನೆಯನ್ನು ಹಿಂದಕ್ಕೆ ಸರಿಸುವ ಕುರಿತು ಜಂಟಿ ಹೇಳಿಕೆ ನೀಡಿದರೂ ಅದು ಕಾರ್ಯರೂಪಕ್ಕೆ ಬರಲಿಲ್ಲ. 2005ರಲ್ಲಿ ಸಿಯಾಚಿನ್‌ಗೆ ಹೋಗಿದ್ದ ಪ್ರಧಾನಿ ಮನಮೋಹನ ಸಿಂಗ್ ಅದು ಶಾಂತಿಯ ಪರ್ವತವಾಗಲಿ ಎಂಬ ಆಶಯ ವ್ಯಕ್ತಪಡಿಸಿದರು. 2016ರ ದುರಂತದ ಬಳಿಕ ರಕ್ಷಣಾ ಸಚಿವ ಮನೋಹರ ಪರಿಕ್ಕರ್ ನೆಲೆ ಬಿಡಲಾಗದೆಂದು ಸ್ಪಷ್ಟಪಡಿಸಿದರು. ಆ ಹುಡುಗಿಯ ಪ್ರಶ್ನೆ ಸರ್ಕಾರಗಳೇ ಚರ್ಚಿಸಿದ ಪ್ರಶ್ನೆಯೆಂಬುದು ಆಗ ನನಗೆ ಹೊಳೆಯಿತು.

ಮರುಪಾಠದಲ್ಲಿ ಹಲಗೆಯನ್ನು ಮೂರು ಅಂಕಣ ಮಾಡಿದೆ: ಸಂಗತಿ, ನಿರ್ಧಾರ, ಕಾರಣ. ಯೋಧರು ಠಾಣೆ ಬಿಡದೆ ಕಾದದ್ದು ಸಂಗತಿ. ಅಲ್ಲಿ ಠಾಣೆ ಇರಬೇಕೆಂಬುದು ನಿರ್ಧಾರ. ಅದನ್ನು ಮಾಡಿದವರು ಯೋಧರಲ್ಲ, ಸರ್ಕಾರ. ಈ ಒಂದು ಗೆರೆ ಎಳೆದ ಕೂಡಲೇ ಮುಂದಿನ ಸಾಲಿನ ಹುಡುಗನ ಮುಖ ಸಡಿಲವಾಯಿತು. ಅವನ ಕಾಕಾನನ್ನು ಯಾರೂ ದೂರುತ್ತಿಲ್ಲವೆಂದು ಅವನಿಗೆ ಖಾತ್ರಿಯಾಗಬೇಕಿತ್ತು, ಅಷ್ಟೇ.

ಮೂರನೆಯ ಅಂಕಣವನ್ನು ಮಕ್ಕಳೇ ತುಂಬಿದರು. ನೆಲೆ ಉಳಿಸಿಕೊಳ್ಳಬೇಕು ಎನ್ನುವವರ ಕಾರಣ: ಒಮ್ಮೆ ಬಿಟ್ಟ ಎತ್ತರವನ್ನು ಎದುರಾಳಿ ಹಿಡಿದರೆ ಮರಳಿ ಪಡೆಯುವುದು ಬಲು ಕಷ್ಟ; 1999ರ ಕಾರ್ಗಿಲ್ ಅನುಭವ ಕಣ್ಣ ಮುಂದಿದೆ; ಈಗಿನ ನೆಲೆಗಳನ್ನು ನಕ್ಷೆಯಲ್ಲಿ ದಾಖಲಿಸಲು ಪಾಕಿಸ್ತಾನ ಒಪ್ಪಿಲ್ಲ. ಹಿಂದೆ ಸರಿಯಬಹುದು ಎನ್ನುವವರ ಕಾರಣ: ಅಲ್ಲಿ ಗುಂಡಿಗಿಂತ ಹವಾಮಾನಕ್ಕೇ ಹೆಚ್ಚು ಜೀವ ಹೋಗಿದೆ, 2003ರ ನವೆಂಬರ್‌ನಿಂದ ಅಲ್ಲಿ ಕದನವಿರಾಮವಿದೆ, 2012ರಲ್ಲಿ ಗಯಾರಿಯ ಹಿಮಕುಸಿತದಲ್ಲಿ ಪಾಕಿಸ್ತಾನವೂ ನೂರಕ್ಕೂ ಹೆಚ್ಚು ಜನರನ್ನು ಕಳೆದುಕೊಂಡಿತು, ಹೀಗಾಗಿ ಮಾತುಕತೆ ಇಬ್ಬರಿಗೂ ಬೇಕು.

ಬಳಿಕ ಒಂದೇ ನಿಯಮ ಹಾಕಿದೆ: ತನ್ನ ಅಭಿಪ್ರಾಯ ಹೇಳುವ ಮೊದಲು, ಎದುರಿನವರ ವಾದವನ್ನು ಅವರೇ "ಹೌದು, ನಾವು ಹೇಳೂದು ಇದನ್ನ" ಎಂದು ಒಪ್ಪುವಂತೆ ಹೇಳಬೇಕು. ಹುಡುಗ ಹಿಂದೆ ಸರಿಯುವ ವಾದವನ್ನು ಹೇಳಲು ಮೂರು ಸಲ ತಡವರಿಸಿದ. ಹುಡುಗಿ ಮೂರೂ ಸಲ ತಿದ್ದಿದಳು. ನಾಲ್ಕನೆಯ ಸಲ ತಲೆಯಾಡಿಸಿದಳು.

ಸಹ ಪ್ರಶಿಕ್ಷಣಾರ್ಥಿಗಳಲ್ಲಿ ಕೆಲವರು "ಇಂಥ ವಿಷಯ ಶಾಲೆಗೆ ಯಾಕೆ?" ಎಂದು ಕೇಳಿದರು. ಸಂವಿಧಾನದ 19ನೆಯ ವಿಧಿ ವಾಕ್ ಸ್ವಾತಂತ್ರ್ಯ ಕೊಡುತ್ತಲೇ, ರಾಜ್ಯದ ಭದ್ರತೆ ಮತ್ತು ವಿದೇಶಗಳೊಂದಿಗಿನ ಸ್ನೇಹಸಂಬಂಧದ ಹಿತಕ್ಕಾಗಿ ಸಮಂಜಸ ನಿರ್ಬಂಧ ಹೇರಲು ಅವಕಾಶವಿತ್ತಿದೆ. ಆ ಎಲ್ಲೆ ಎಲ್ಲಿದೆ ಎಂದು ತಿಳಿಯುವುದೂ ಪಾಠವೇ. 1962ರ ಕೇದಾರನಾಥ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಹಿಂಸೆಗೆ ಪ್ರಚೋದಿಸದ ಸರ್ಕಾರದ ಟೀಕೆ ರಾಜದ್ರೋಹವಲ್ಲ ಎಂದಿತು. ಕಾರ್ಗಿಲ್ ಯುದ್ಧ ಮುಗಿಯುತ್ತಲೇ ಸರ್ಕಾರವೇ ಕೆ. ಸುಬ್ರಹ್ಮಣ್ಯಂ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿತು. ಗುಪ್ತಚರ ವ್ಯವಸ್ಥೆಯ ಕೊರತೆಗಳನ್ನು ಹೇಳಿದ ಅದರ ವರದಿ 2000ದಲ್ಲಿ ಸಂಸತ್ತಿನ ಮುಂದೆ ಬಂತು. ತಪ್ಪನ್ನು ಹುಡುಕಿದ್ದರಿಂದ ದೇಶದ ರಕ್ಷಣೆ ಸಡಿಲವಾಗಲಿಲ್ಲ, ಸುಧಾರಣೆಗೆ ದಾರಿಯಾಯಿತು.

ಒಂದು ವಿಷಯ ನನಗಿನ್ನೂ ಬಗೆಹರಿದಿಲ್ಲ. ಕೊನೆಗೆ ಮಕ್ಕಳು "ನಿಮಗ ಏನ ಅನಸ್ತದ್ರಿ?" ಎಂದರು. ನಾನು ಹೇಳಲಿಲ್ಲ, ಹೇಳಿದ್ದರೆ ಹಲವರು ಅದನ್ನೇ ಉತ್ತರಪತ್ರಿಕೆಯಲ್ಲಿ ಬರೆಯುತ್ತಿದ್ದರು. ಮಾರ್ಗದರ್ಶಕರು ಮಾತ್ರ, "ಅಭಿಪ್ರಾಯವೇ ಇಲ್ಲದವರಂತೆ ನಿಲ್ಲುವುದೂ ಮಕ್ಕಳಿಗೆ ಒಂದು ಪಾಠ ಕಲಿಸುತ್ತದೆ, ನೋಡಿರಿ" ಎಂದರು. ಮುಂದಿನ ಬಾರಿ ಚರ್ಚೆ ಮುಗಿದು, ಮಕ್ಕಳು ತಮ್ಮ ಉತ್ತರ ಬರೆದು ಕೊಟ್ಟ ಮೇಲೆ ನನ್ನದನ್ನು ಹೇಳಿ ನೋಡಬೇಕೆಂದಿದ್ದೇನೆ.

ಗೃಹಕಾರ್ಯದಲ್ಲಿ ಆ ಹುಡುಗಿ, ನೆಲೆ ಬಿಡುವ ಮೊದಲು ನಕ್ಷೆಗೆ ಇಬ್ಬರ ಸಹಿ ಬೇಕು ಎಂದು ಬರೆದಿದ್ದಳು. ಹುಡುಗ ತನ್ನ ನಿಲುವು ಬದಲಿಸಿರಲಿಲ್ಲ. ಆದರೆ ಕೊನೆಯಲ್ಲಿ ಒಂದು ಸಾಲು ಸೇರಿಸಿದ್ದ: ರಜೆಗೆ ಬಂದಾಗ ಕಾಕಾನನ್ನೇ ಈ ಪ್ರಶ್ನೆ ಕೇಳುತ್ತೇನೆ.